ಮಾವಿನಹಣ್ಣು ಬಿಡಿಸಿದರೆ ಗೊಂಬೆ ಹಬ್ಬದ ಹಣ್ಣಿನ ಥರ ಕಾಣುತ್ತದೆ, ಎಲ್ಲಿ ಎಡವುತ್ತಿದ್ದೇನೆ?

ಬಳ್ಳಾರಿ_ಬ್ರಷ್

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ಹೊಟ್ಟೆಪಾಡಿಗೆ ಲೆಕ್ಕ ಬರೆಯುತ್ತೇನೆ, ಖುಷಿಗೆ ಚಿತ್ರ ಬಿಡಿಸುತ್ತೇನೆ. ಆಕ್ರಿಲಿಕ್, ಅಂದರೆ ನೀರಿನಲ್ಲಿ ಕಲಸುವ, ಬೇಗ ಒಣಗುವ ಬಣ್ಣ, ಹಿಡಿದು ಒಂದೂವರೆ ವರ್ಷ ಆಯಿತು. ಮೊದಲೆಲ್ಲ ಬೆಟ್ಟ, ಮರ, ಸೂರ್ಯಾಸ್ತ ಅಂತ ವಿಡಿಯೋ ನೋಡಿಕೊಂಡು ಬಿಡಿಸುತ್ತಿದ್ದೆ. ಅವು ಹೇಗೋ ಪಾಸಾಗುತ್ತಿದ್ದವು. ಬೆಟ್ಟ ಸ್ವಲ್ಪ ಸೊಟ್ಟಗಾದರೂ ಅದು ಇನ್ನೊಂದು ಬೆಟ್ಟ ಅಷ್ಟೇ, ಯಾರೂ ಕೇಳುವುದಿಲ್ಲ. ಈಗ ಮಾವಿನ ಕಾಲ, ಮನೆ ತುಂಬಾ ಹಣ್ಣು, ಸ್ಟಿಲ್ ಲೈಫ್, ಅಂದರೆ ಎದುರಿಗೆ ವಸ್ತು ಇಟ್ಟುಕೊಂಡು ಅದನ್ನೇ ಬಿಡಿಸುವುದು, ಮಾಡೋಣ ಅಂತ ಕೂತೆ. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ಎರಡು ಬಾದಾಮಿ, ಒಂದು ತೋತಾಪುರಿ. ಸ್ಟೀಲ್ ತಟ್ಟೆಯಲ್ಲಿ ಇಟ್ಟು ಊಟದ ಟೇಬಲ್ ಮೇಲೆ ಇರಿಸಿದ್ದೆ. 12 ಇಂಚು 16 ಇಂಚಿನ ಕ್ಯಾನ್ವಾಸ್ ಬೋರ್ಡ್. ನನ್ನ ಹತ್ತಿರ ಇರುವುದು ಸ್ಟೂಡೆಂಟ್ ಗ್ರೇಡ್ ಟ್ಯೂಬುಗಳು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣು ಹಳದಿ), ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಕಪ್ಪು, ಬಿಳಿ. ನನಗೆ ಪುರುಸೊತ್ತು ಸಿಗುವುದು ರಾತ್ರಿ ಒಂಬತ್ತರ ಮೇಲೆ. ಟ್ಯೂಬ್‌ಲೈಟ್ ಬೆಳಕು. ಮೇ ತಿಂಗಳ ಬಳ್ಳಾರಿ ಹೇಗಿರುತ್ತದೆ ಅಂತ ಬಂದವರಿಗೆ ಗೊತ್ತು, ಫ್ಯಾನ್ ಇಲ್ಲದೆ ಐದು ನಿಮಿಷ ಕೂರಲು ಆಗುವುದಿಲ್ಲ. ಫ್ಯಾನ್ ಹಾಕಿದರೆ ಪ್ಯಾಲೆಟ್ ಮೇಲಿನ ಬಣ್ಣ ಹಪ್ಪಳ ಆಗುತ್ತದೆ. ಹಣ್ಣಿನ ಬೆಳಕಿನ ಭಾಗ ಹಚ್ಚಿ ನೆರಳಿನ ಬಣ್ಣ ಕಲಸುವಷ್ಟರಲ್ಲಿ ಮೊದಲು ಹಚ್ಚಿದ್ದು ಒಣಗಿರುತ್ತದೆ. ಎರಡೂ ಸೇರುವ ಜಾಗದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಇನ್ನು ನೆರಳು. ಹಳದಿಗೆ ಕಪ್ಪು ಬೆರೆಸಿದೆ. ಹಸಿರಾಯಿತು! ಹಣ್ಣಾದ ಮಾವು ಮತ್ತೆ ಕಾಯಿ ಆಯಿತು. ಇನ್ನಷ್ಟು ಕಪ್ಪು ಹಾಕಿದೆ, ಕೆಸರಾಯಿತು. ಮಿಂಚು ಇರುವ ಕಡೆ ಬಿಳಿ ಹಚ್ಚಿದರೆ ಸುಣ್ಣ ತಾಗಿದ ಹಾಗೆ ಕಾಣುತ್ತದೆ. ಮತ್ತೆ, ರಾತ್ರಿ ಸರಿಯಾಗಿ ಹೊಂದಿಸಿ ಹಚ್ಚಿದ ಬಣ್ಣ ಬೆಳಿಗ್ಗೆ ನೋಡಿದರೆ ಒಂದು ಪಟ್ಟು ಕಪ್ಪಾಗಿರುತ್ತದೆ. ಇದು ನನ್ನ ಕಣ್ಣಿನ ತೊಂದರೆಯೋ ಬಣ್ಣದ್ದೋ ಗೊತ್ತಾಗುತ್ತಿಲ್ಲ.

ನಾಲ್ಕು ದಿನ ಒದ್ದಾಡಿ ಮುಗಿಸಿದೆ. ನನ್ನ ಹೆಂಡತಿಯ ತವರು ಮೈಸೂರು ಕಡೆ. ಅವಳು ನೋಡಿ, "ಚೆನ್ನಾಗಿದೆ ರೀ, ಗೊಂಬೆ ಹಬ್ಬದಲ್ಲಿ ಶೆಟ್ಟರ ಅಂಗಡಿ ಮುಂದೆ ಇಡ್ತೀವಲ್ಲ ಮಣ್ಣಿನ ಹಣ್ಣು, ಅದೇ ತಾನೇ?" ಅಂದಳು. ಅವಳು ಹೊಗಳಿದ್ದೇ ಅಂತೆ. ಅಷ್ಟರಲ್ಲಿ ಒಂದು ಬಾದಾಮಿಯನ್ನು ಮಗ ತಿಂದು ಮುಗಿಸಿದ್ದ, ಉಳಿದ ಎರಡರ ಬಣ್ಣವೇ ಬದಲಾಗಿತ್ತು.

ಬಣ್ಣ ಬದಲಾಯಿಸಬೇಕಾ, ದುಬಾರಿ ಟ್ಯೂಬು ಕೊಳ್ಳಬೇಕಾ, ಇಲ್ಲ ಆಯಿಲ್‌ಗೆ ಹೋಗಬೇಕಾ? ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಕಡಲಕರೆ_ಕುಂಚ

ನಿಮ್ಮ ಪೋಸ್ಟ್ ಓದಿ ನಗು ಬಂತು, ಕ್ಷಮಿಸಿ. ನಾನು ಮಂಗಳೂರಿನವಳು. ಇಲ್ಲಿ ಜೂನ್, ಜುಲೈನಲ್ಲಿ ನನ್ನ ಗೋಳು ಪೂರ್ತಿ ಉಲ್ಟಾ. ಒಂದು ಪದರ ಒಣಗಲಿ ಅಂತ ಕಾದು ಕಾದು ಕೊನೆಗೆ ಹೇರ್ ಡ್ರೈಯರ್ ಹಿಡಿಯುತ್ತೇನೆ. ನಿಮ್ಮ ಊರಿನ ಗಾಳಿ ಸ್ವಲ್ಪ ಇತ್ತ ಕಳಿಸಿ.

ಪ್ಯಾಲೆಟ್ ಒಣಗುವುದಕ್ಕೆ ದುಡ್ಡಿಲ್ಲದ ಉಪಾಯ ಇದೆ. ಸ್ವೀಟ್ ಅಂಗಡಿಯವರು ಕೊಡುತ್ತಾರಲ್ಲ, ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಗಟ್ಟಿಯಾಗಿ ಕೂರುವಂಥದ್ದು, ಅದನ್ನು ತೊಳೆದು ಇಟ್ಟುಕೊಳ್ಳಿ. ತಳಕ್ಕೆ ಅಡುಗೆಮನೆ ಟಿಶ್ಯೂ ನಾಲ್ಕು ಮಡಿಕೆ ಹಾಸಿ ನೀರು ಹಾಕಿ. ಡಬ್ಬಿ ಓರೆ ಮಾಡಿದರೆ ನೀರು ಹರಿಯಬಾರದು, ಬೆರಳಿಟ್ಟರೆ ಒದ್ದೆಯಾಗಬೇಕು, ಅಷ್ಟು. ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ, ಬಣ್ಣವನ್ನು ಆ ಪೇಪರ್ ಮೇಲೆ ಹಿಂಡಿ. ಪೇಪರ್ ಮೂಲಕ ಸ್ವಲ್ಪ ಸ್ವಲ್ಪವೇ ತೇವ ಮೇಲೆ ಬರುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳ ಹಾಕಿಟ್ಟರೆ ಮಾರನೇ ರಾತ್ರಿಯೂ ಅದೇ ಬಣ್ಣ ಬಳಸಬಹುದು. ಮೇಣ ಬಳಿದ ಕಾಗದ ತರಬೇಡಿ, ಅದರಲ್ಲಿ ನೀರು ಮೇಲೆ ಬರುವುದಿಲ್ಲ. ನಾನು ಮೊದಲ ಸಲ ಅದನ್ನೇ ತಂದು, ಈ ಉಪಾಯವೇ ಸುಳ್ಳು ಅಂತ ಒಂದು ತಿಂಗಳು ಬೈದುಕೊಂಡು ತಿರುಗಿದ್ದೆ. ವಾರಗಟ್ಟಲೆ ಮುಚ್ಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆ, ಟಿಶ್ಯೂ ಬದಲಾಯಿಸುತ್ತಿರಿ.

ರಿಟಾರ್ಡರ್ ಅಂತ ಒಂದು ಬಾಟಲಿ ಸಿಗುತ್ತದೆ, ಬಣ್ಣ ತಡವಾಗಿ ಒಣಗಲು. ಹನಿ ಲೆಕ್ಕದಲ್ಲಿ ಹಾಕಬೇಕು. ಜಾಸ್ತಿ ಆದರೆ ಚಿತ್ರ ಅಂಟಂಟಾಗಿಯೇ ಉಳಿಯುತ್ತದೆ, ಬಳ್ಳಾರಿ ಧೂಳೆಲ್ಲ ಬಂದು ಅದರ ಮೇಲೆ ಕೂರುತ್ತದೆ.

ಬೆಳಿಗ್ಗೆ ಕಪ್ಪಾಗುವುದು ನಿಮ್ಮ ಕಣ್ಣಿನ ತೊಂದರೆ ಅಲ್ಲ. ಆಕ್ರಿಲಿಕ್‌ನಲ್ಲಿ ಬಣ್ಣವನ್ನು ಹಿಡಿದಿಡುವ ಅಂಟು ಹಸಿಯಾಗಿದ್ದಾಗ ಹಾಲಿನ ಥರ ಬೆಳ್ಳಗಿರುತ್ತದೆ. ಫೆವಿಕಾಲ್ ನೋಡಿದ್ದೀರಲ್ಲ, ಹಚ್ಚುವಾಗ ಬಿಳಿ, ಒಣಗಿದ ಮೇಲೆ ಪಾರದರ್ಶಕ. ಇಲ್ಲೂ ಹಾಗೆಯೇ. ಆ ಬಿಳುಪು ಹೋದ ಮೇಲೆ ಬಣ್ಣ ಗಾಢ ಆಗುತ್ತದೆ. ಅದಕ್ಕೆ ಹಸಿ ಇರುವಾಗ ಬೇಕಾದ್ದಕ್ಕಿಂತ ಒಂದು ಕೂದಲಷ್ಟು ತಿಳಿಯಾಗಿ ಕಲಸಿ. ಇಲ್ಲವಾದರೆ ಒಂದು ಚೂರು ಕಾಗದಕ್ಕೆ ಹಚ್ಚಿ, ಫ್ಯಾನ್ ಕೆಳಗೆ ಒಣಗಿಸಿ, ಹಣ್ಣಿನ ಪಕ್ಕ ಹಿಡಿದು ನೋಡಿ. ನಿಮ್ಮ ಊರಲ್ಲಿ ಎರಡು ನಿಮಿಷ ಸಾಕಲ್ವಾ.

ಡ್ರಾಯಿಂಗ್_ಮೇಷ್ಟ್ರು

ನಾನು ಮೈಸೂರಿನಲ್ಲಿ ಇದ್ದೇನೆ, ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟವನು. ಬಣ್ಣದ ಡಬ್ಬಿ, ಬಾಟಲಿ ವಿಷಯ ಆ ತಾಯಿ ಚೆನ್ನಾಗಿ ಹೇಳಿದ್ದಾರೆ. ನಾನು ಬೇರೆ ಕಡೆಯಿಂದ ಬರುತ್ತೇನೆ. ನಿಮ್ಮ ಮೊದಲ ತಪ್ಪು ಬಣ್ಣದ್ದೇ ಅಲ್ಲ, ಟ್ಯೂಬ್‌ಲೈಟಿನದು.

ಉದ್ದ ಟ್ಯೂಬ್‌ಲೈಟು ಮೇಲಿಂದ ಬೆಳಕನ್ನು ಕೋಣೆಯ ತುಂಬಾ ಚೆಲ್ಲುತ್ತದೆ. ಹಣ್ಣಿಗೆ ಆ ಕಡೆ ಈ ಕಡೆ ಅಂತ ಇರುವುದೇ ಇಲ್ಲ, ನೆರಳು ಎಲ್ಲಿದೆ ಅಂತ ನಿಮಗೇ ಕಾಣುವುದಿಲ್ಲ. ಕಾಣದ್ದನ್ನು ಊಹೆ ಮಾಡಿ ಹಚ್ಚಿದರೆ ಗೊಂಬೆ ಆಗುತ್ತದೆ, ಯಾಕೆಂದರೆ ಗೊಂಬೆ ಮಾಡುವವರೂ ಊಹೆ ಮಾಡಿಯೇ ಹಚ್ಚುವುದು. ನಿಮ್ಮ ಮನೆಯವರಿಗೆ ಒಳ್ಳೆಯ ಕಣ್ಣಿದೆ ಸ್ವಾಮಿ, ಅವರ ಮಾತು ಕೇಳಿ.

ಇಲ್ಲಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ, ನಿಮ್ಮ ಮನೆಯವರು ಖಂಡಿತ ನೋಡಿರುತ್ತಾರೆ. ಬಹಳ ಜನ ಅದನ್ನು ರವಿವರ್ಮ ಬಿಡಿಸಿದ್ದು ಅಂದುಕೊಂಡಿದ್ದಾರೆ. ಅಲ್ಲ, ಎಸ್.ಎಲ್. ಹಲ್ದಂಕರ್ ಅವರದು, ಅದೂ ಜಲವರ್ಣ. ಅಲ್ಲಿ ಇರುವುದು ಒಂದೇ ಒಂದು ದೀಪ. ಮುಖ, ಬೆರಳ ಸಂದಿ, ಸೀರೆ, ಹಿಂದಿನ ನೆರಳು ಎಲ್ಲವೂ ಆ ಒಂದು ದೀಪಕ್ಕೆ ಲೆಕ್ಕ ಒಪ್ಪಿಸುತ್ತವೆ. ನೀವು ಲೆಕ್ಕ ಬರೆಯುವವರು, ನಿಮಗೆ ಬೇಗ ಅರ್ಥ ಆಗುತ್ತದೆ.

ಹೀಗೆ ಮಾಡಿ. ಒಂದು ದೊಡ್ಡ ರಟ್ಟಿನ ಡಬ್ಬ ತೆಗೆದುಕೊಂಡು ಮುಂದಿನ ಭಾಗ ಮತ್ತು ಎಡಗಡೆ ಭಾಗ ಕತ್ತರಿಸಿ. ಒಳಗೆ ಹಣ್ಣು ಇಡಿ. ಎಡಗಡೆಯಿಂದ, ಹಣ್ಣಿಗಿಂತ ಸ್ವಲ್ಪ ಎತ್ತರದಲ್ಲಿ, ಒಂದು ಟೇಬಲ್ ಲ್ಯಾಂಪ್ ಇಟ್ಟು ಕೋಣೆಯ ದೀಪ ಆರಿಸಿ. ನೀವು ಬಿಡಿಸುವ ಬೋರ್ಡಿಗೆ ಬೇಕಾದರೆ ಹಿಂದಿನಿಂದ ಒಂದು ಸಣ್ಣ ದೀಪ ಇರಲಿ, ಅದು ಹಣ್ಣಿನ ಮೇಲೆ ಬೀಳಬಾರದು. ಈಗ ಕಣ್ಣು ಅರ್ಧ ಮುಚ್ಚಿ ನೋಡಿ. ಬೆಳಕಿನ ಭಾಗ, ಅದು ತಿರುಗುವ ಕಡೆ ನಡುಬಣ್ಣ, ಆಮೇಲೆ ಒಂದು ಕತ್ತಲೆ ಪಟ್ಟಿ, ಆ ಪಟ್ಟಿ ದಾಟಿದ ಮೇಲೆ ಅಂಚಿನ ಹತ್ತಿರ ಮತ್ತೆ ಸ್ವಲ್ಪ ಬೆಳಕು. ಆ ಕೊನೆಯ ಬೆಳಕು ಟೇಬಲ್ ಮೇಲಿನ ಬಟ್ಟೆಯಿಂದ ಪುಟಿದು ಬಂದದ್ದು. ಅಂಚಿನವರೆಗೂ ಕಪ್ಪು ಮಾಡಿಕೊಂಡು ಹೋದರೆ ಹಣ್ಣು ತಗಡಿನ ಥರ ಆಗುತ್ತದೆ. ಹಣ್ಣು ನೆಲಕ್ಕೆ ತಾಗುವ ಜಾಗದಲ್ಲಿ, ಉಗುರು ತೂರದಷ್ಟು ಸಂದಿಯಲ್ಲಿ, ಇಡೀ ಚಿತ್ರದ ಅತಿ ಗಾಢ ಬಣ್ಣ ಇರುತ್ತದೆ. ಅದನ್ನು ಹಚ್ಚದಿದ್ದರೆ ಹಣ್ಣು ತೇಲುತ್ತದೆ.

ಸ್ಟೀಲ್ ತಟ್ಟೆ ದಯವಿಟ್ಟು ತೆಗೆಯಿರಿ. ಅದು ಕನ್ನಡಿ. ಕಲಿಯುವ ಹೊತ್ತಿನಲ್ಲಿ ಕನ್ನಡಿ ಮೇಲೆ ಹಣ್ಣು ಇಡುವುದು ಈಜು ಬರದವನು ಬಾವಿಗೆ ಹಾರಿದ ಹಾಗೆ. ಹಳೆಯ ಕಾಟನ್ ಸೀರೆ ಇದ್ದರೆ ಹಾಸಿ. ಮಾಸಿದ ನೀಲಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಬಾದಾಮಿಯ ಕೇಸರಿ ಬಣ್ಣ ಅದರ ಮೇಲೆ ಎದ್ದು ನಿಲ್ಲುತ್ತದೆ.

ಕಪ್ಪು ಟ್ಯೂಬಿನ ವಿಷಯ. ಹಳದಿಗೆ ಕಪ್ಪು ಹಾಕಿದರೆ ಹಸಿರು ಬರುವುದು ಸಹಜ, ಕಪ್ಪು ಒಳಗೊಳಗೆ ನೀಲಿಯ ಹಾಗೆ ವರ್ತಿಸುತ್ತದೆ. ಹಸಿರು ಎಲೆ ಬೇಕಾದಾಗ ಅದೇ ಕೈಹಿಡಿಯುತ್ತದೆ. ಮಾವಿನ ನೆರಳಿಗೆ ಮೊದಲು ಹಳದಿಯಿಂದ ಓಕರ್‌ಗೆ ಇಳಿಯಿರಿ, ಓಕರ್‌ನಿಂದ ಬರ್ನ್ಟ್ ಸಿಯೆನ್ನಾಗೆ. ಇನ್ನೂ ಗಾಢ ಬೇಕೇ? ಕ್ರಿಮ್ಸನ್ನಿಗೆ ಒಂದು ಚೂರು ಅಲ್ಟ್ರಾಮರೀನ್ ಕಲಸಿದರೆ ನೇರಳೆ ಬರುತ್ತದೆ, ಅದರಲ್ಲಿ ಸಾಸಿವೆ ಕಾಳಿನಷ್ಟು ಇದಕ್ಕೆ ಸೇರಿಸಿ. ನೇರಳೆ ಹಳದಿಯ ಎದುರಾಳಿ, ಅದರ ಕೂಗಾಟ ಇಳಿಸುತ್ತದೆ. ಜಾಸ್ತಿ ಆದರೆ ಮತ್ತೆ ಕೆಸರೇ. ನಿಮ್ಮ ಏಳು ಟ್ಯೂಬು ಸಾಕು, ದುಬಾರಿಯದು ಬೇಡ. ಕೊಳ್ಳಲೇಬೇಕು ಅಂತ ಕೈ ತುರಿಸಿದರೆ ಒಂದು ಒಳ್ಳೆಯ ಹಳದಿ ಮಾತ್ರ ಕೊಳ್ಳಿ. ಕಡಿಮೆ ಬೆಲೆಯ ಹಳದಿಗಳು ಕೆಳಗಿನ ಬಣ್ಣವನ್ನು ಮುಚ್ಚುವುದೇ ಇಲ್ಲ. ಅಲ್ಲಿಯವರೆಗೆ ಹಣ್ಣಿನ ಬೆಳಕಿನ ಭಾಗಕ್ಕೆ ಮೊದಲು ಬಿಳಿ ಹಚ್ಚಿ, ಒಣಗಿದ ಮೇಲೆ ಹಳದಿ ಎಳೆಯಿರಿ. ಒಳಗಿನಿಂದ ಬೆಳಕು ಬಂದ ಹಾಗೆ ಇರುತ್ತದೆ.

ಅರ್ಧ_ಚಿತ್ರ

ಮೇಷ್ಟ್ರು ಹೇಳಿದ್ದರಲ್ಲಿ ಬೆಳಕಿನ ಮಾತು ನೂರಕ್ಕೆ ನೂರು ಸರಿ. ಆದರೆ ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ಬಳ್ಳಾರಿ ಸರ್, ನೀವು ಯಾಕೆ ಬೆಳಕನ್ನೂ ನೆರಳನ್ನೂ ಅಷ್ಟು ನಯವಾಗಿ ಸೇರಿಸಬೇಕು ಅಂತ ಹಟ ಹಿಡಿದಿದ್ದೀರಿ?

ಈ ನಯವಾಗಿ ಸೇರಿಸುವ ಗೀಳು ಆಯಿಲ್ ಪೇಂಟಿಂಗ್‌ನಿಂದ ಬಂದದ್ದು. ಎಣ್ಣೆ ಬಣ್ಣ ದಿನಗಟ್ಟಲೆ ಹಸಿ ಇರುತ್ತದೆ, ಎಷ್ಟು ಬೇಕಾದರೂ ಸವರಬಹುದು. ನೀರಿನಲ್ಲಿ ಕಲಸುವ ಆಕ್ರಿಲಿಕ್ ಕಲಾವಿದರ ಕೈಗೆ ಬಂದದ್ದೇ 1955ರ ಸುಮಾರಿಗೆ. ನೂರಾರು ವರ್ಷದ ಎಣ್ಣೆ ಬಣ್ಣದ ಬುದ್ಧಿವಾದವನ್ನು ಇದರ ಮೇಲೆ ಹೇರಿದರೆ ಹೇಗೆ? ಬೇಗ ಒಣಗುವುದೇ ಇದರ ಗುಣ. ತಪ್ಪಾದರೆ ಹತ್ತು ನಿಮಿಷದಲ್ಲಿ ಅದರ ಮೇಲೆ ಇನ್ನೊಂದು ಹಚ್ಚಬಹುದು, ಕೆಳಗಿನದು ಮೇಲೆ ಎದ್ದು ಬರುವುದಿಲ್ಲ. ಎಣ್ಣೆಯಲ್ಲಿ ಮಾಡಿ ನೋಡಲಿ.

ನಾನು ಮಾಡುವುದು ಹೀಗೆ. ಹಣ್ಣನ್ನು ಉಂಡೆ ಅಂತ ನೋಡುವುದಿಲ್ಲ. ಚಾಕುವಿನಲ್ಲಿ ಹೆರೆದ ಮರದ ತುಂಡು ಅಂದುಕೊಳ್ಳುತ್ತೇನೆ. ಏಳೆಂಟು ಮುಖಗಳು, ಪ್ರತಿ ಮುಖಕ್ಕೂ ಒಂದು ಬಣ್ಣ. ಮೊದಲೇ ಪ್ಯಾಲೆಟ್‌ನಲ್ಲಿ ಐದು ಗುಡ್ಡೆ ಕಲಸಿಟ್ಟುಕೊಳ್ಳುತ್ತೇನೆ, ತಿಳಿಯಿಂದ ಗಾಢದವರೆಗೆ. ಆಮೇಲೆ ಚಪ್ಪಟೆ ಬ್ರಷ್‌ನಲ್ಲಿ ಒಂದೊಂದು ಮುಖಕ್ಕೆ ಒಂದೊಂದು ಏಟು, ಹಚ್ಚಿ ಬಿಟ್ಟುಬಿಡುವುದು. ಸವರಬಾರದು. ಆರಡಿ ದೂರ ನಿಂತು ನೋಡಿದರೆ ತಾನಾಗಿ ಉಂಡೆ ಆಗುತ್ತದೆ. ಗೆರೆ ತೀರಾ ಚುಚ್ಚುತ್ತದೆ ಅನ್ನಿಸಿದರೆ ಎರಡರ ಮಧ್ಯದ ಬಣ್ಣ ಕಲಸಿ ಅಲ್ಲಿ ಮೂರನೆಯ ಏಟು ಹಾಕಿ.

ಫ್ರಾನ್ಸಿನ ಚಿತ್ರಕಾರ ಸೆಜಾನ್ ಅವರ ಸೇಬುಗಳನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಒಂದು ಸೇಬಿನಲ್ಲಿ ಕೆಂಪು, ಹಳದಿ, ಹಸಿರು ತೇಪೆಗಳು ಪಕ್ಕಪಕ್ಕ ಕೂತಿರುತ್ತವೆ. ಆದರೂ ಕೈಚಾಚಿದರೆ ಭಾರ ಗೊತ್ತಾಗುತ್ತದೆ ಅನ್ನಿಸುತ್ತದೆ. ಆ ಮನುಷ್ಯ ಎಷ್ಟು ನಿಧಾನ ಅಂದರೆ ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತು. ನಿಮ್ಮ ಮಗನಂಥವರು ಅವರ ಮನೆಯಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ಡ್ರಾಯಿಂಗ್_ಮೇಷ್ಟ್ರು

ಅರ್ಧ ಚಿತ್ರ ಅವರೇ, ಸೆಜಾನ್ ಆಗುವ ಮೊದಲು ಹಣ್ಣು ದುಂಡಗೆ ಮಾಡಲು ಬರಬೇಕಪ್ಪಾ. ಆದರೆ ಐದು ಗುಡ್ಡೆ ಮೊದಲೇ ಕಲಸಿಡಿ ಅಂದಿರಲ್ಲ, ಅದು ಸರಿಯಾದ ಮಾತು, ಒಪ್ಪಿದೆ. ನಮ್ಮ ಹುಡುಗರಿಗೆ ಎಷ್ಟು ಹೇಳಿದರೂ ಹಚ್ಚುತ್ತಾ ಹಚ್ಚುತ್ತಾ ಕಲಸುತ್ತಿದ್ದರು.

ಅರ್ಧ_ಚಿತ್ರ

ದುಂಡಗೆ ಮಾಡಲು ಬಂದ ಮೇಲೆ ಯಾರೂ ಅದನ್ನು ಬಿಡುವುದಿಲ್ಲ ಸರ್, ಅದೇ ಕಷ್ಟ.

ಬಳ್ಳಾರಿ_ಬ್ರಷ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ರಾತ್ರಿ ಕೂತು ಮತ್ತೆ ಪ್ರಯತ್ನ ಮಾಡಿದೆ.

ಸ್ವೀಟ್ ಡಬ್ಬಿ ಪ್ಯಾಲೆಟ್ ಮಾಡಿದೆ. ಇಷ್ಟು ದಿನ ಎಷ್ಟು ಬಣ್ಣ ತೊಟ್ಟಿಗೆ ಹಾಕಿದ್ದೇನೆ ಅಂತ ಲೆಕ್ಕ ಹಾಕಿ ಹೊಟ್ಟೆ ಉರಿಯಿತು. ನಿನ್ನೆ ಕಲಸಿದ ಓಕರ್ ಇವತ್ತೂ ಮೊಸರಿನ ಹಾಗೆ ಇದೆ. ಕೂಲರ್ ತಂದಾಗ ಬಂದ ರಟ್ಟಿನ ಡಬ್ಬ ಅಟ್ಟದ ಮೇಲಿತ್ತು, ಅದನ್ನು ಕತ್ತರಿಸಿ ಹಣ್ಣು ಇಟ್ಟೆ. ಕೋಣೆಯ ದೀಪ ಆರಿಸಿದ ತಕ್ಷಣ ನಿಜವಾಗಲೂ ಮೈ ಜುಂ ಅಂತು. ಅದೇ ಹಣ್ಣು, ಆದರೆ ಈಗ ಅದಕ್ಕೆ ಒಂದು ಬೆನ್ನು ಬಂದಿತ್ತು. ಮೇಷ್ಟ್ರು ಹೇಳಿದ ಕತ್ತಲೆ ಪಟ್ಟಿ ಕಂಡಿತು, ನೀಲಿ ಸೀರೆಯ ಬಣ್ಣ ಹಣ್ಣಿನ ಹೊಟ್ಟೆಯ ಕೆಳಗೆ ತೆಳ್ಳಗೆ ಅಡರಿದ್ದೂ ಕಂಡಿತು. ಇಷ್ಟು ದಿನ ಇದು ನನ್ನ ಎದುರಿಗೇ ಇತ್ತಾ?

ಐದು ಗುಡ್ಡೆ ಕಲಸಿಕೊಂಡೆ. ಕಪ್ಪು ಟ್ಯೂಬನ್ನು ಹೆಂಡತಿ ಕೈಗೆ ಕೊಟ್ಟು ಬಚ್ಚಿಡಲು ಹೇಳಿದೆ. ಮೊದಲು ತೇಪೆ ತೇಪೆಯಾಗಿ ಹಚ್ಚಿ, ಆಮೇಲೆ ಆಸೆ ತಡೆಯದೆ ಸ್ವಲ್ಪ ಸವರಿದೆ, ಇಬ್ಬರೂ ಬೈಯಬೇಡಿ. ಹಣ್ಣು ಈಗ ದುಂಡಗಿದೆ, ಸೀರೆಯ ಮೇಲೆ ತೇಲುತ್ತಿಲ್ಲ.

ಆದರೂ ಪ್ಲಾಸ್ಟಿಕ್ ಕಳೆ ಪೂರ್ತಿ ಹೋಗಿಲ್ಲ. ಮೊದಲು ಮಣ್ಣಿನ ಹಣ್ಣು ಆಗಿತ್ತು, ಈಗ ಶೋಕೇಸ್‌ನಲ್ಲಿಡುವ ದುಬಾರಿ ಪ್ಲಾಸ್ಟಿಕ್ ಹಣ್ಣು ಆಗಿದೆ. ಮಿಂಚಿನ ಕಡೆ ತಪ್ಪಿದ್ದೇನೆ ಅನ್ನಿಸುತ್ತದೆ.

ನೀಲಿ_ದ್ರಾಕ್ಷಿ

ಹೌದು, ಮಿಂಚಿನದೇ ತಪ್ಪು. ನಾನೂ ಅಲ್ಲೇ ಒಂದು ವರ್ಷ ಸಿಕ್ಕಿಹಾಕಿಕೊಂಡಿದ್ದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮದು ಚಿಕ್ಕಬಳ್ಳಾಪುರ ಕಡೆ. ಇಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಾರೆ, ಜಿಐ ಟ್ಯಾಗ್ (ಈ ಪ್ರದೇಶದ್ದು ಅನ್ನುವ ಅಧಿಕೃತ ಗುರುತು) ಕೂಡ ಇದೆ ಆ ತಳಿಗೆ. ನಾನು ಮೊದಲು ಬಿಡಿಸಿದ್ದು ಅದನ್ನೇ. ಪ್ರತಿ ಕಾಳಿಗೂ ನೇರಳೆ ಹಚ್ಚಿ, ಪ್ರತಿ ಕಾಳಿನ ಮೇಲೂ ಒಂದು ಬಿಳಿ ಚುಕ್ಕೆ ಇಟ್ಟೆ. ಮಣಿಸರ ಆಯಿತು. ಆಮೇಲೆ ಒಂದು ಗೊಂಚಲು ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ಕೂತು ಸುಮ್ನೆ ನೋಡಿದೆ, ಬ್ರಷ್ ಮುಟ್ಟದೆ. ದ್ರಾಕ್ಷಿಯ ಮೇಲೆ ಬೂದಿ ಬಳಿದ ಹಾಗೆ ಒಂದು ತೆಳು ಮೇಣದ ಪದರ ಇರುತ್ತದೆ. ಅದು ಇರುವಲ್ಲಿ ಹಣ್ಣು ಮಿಂಚುವುದೇ ಇಲ್ಲ, ಮಸುಕು ನೀಲಿ ಬೂದು. ಯಾರದೋ ಬೆರಳು ತಾಗಿ ಒರೆಸಿಹೋದ ಕಡೆ ಮಾತ್ರ ಕಪ್ಪಗೆ ಹೊಳೆಯುತ್ತದೆ. ಐವತ್ತು ಕಾಳಿನಲ್ಲಿ ಹೊಳೆಯುವುದು ಆರೋ ಏಳೋ. ಆ ಆರಕ್ಕೆ ಮಾತ್ರ ಚುಕ್ಕೆ ಇಟ್ಟು, ಉಳಿದವಕ್ಕೆ ಒಣ ಬ್ರಷ್‌ನಲ್ಲಿ ಬೂದು ಬಣ್ಣ ಒರೆಸಿದೆ. ಆಮೇಲೆ ಅದು ದ್ರಾಕ್ಷಿ ಆಯಿತು.

ಅಂದರೆ ಒಂದೊಂದು ಸಿಪ್ಪೆಯ ಹೊಳಪು ಒಂದೊಂದು ಥರ. ಅಂಗಡಿಯ ಸೇಬಿಗೆ ಮೇಣ ಹಚ್ಚಿರುತ್ತಾರೆ, ಅದರಲ್ಲಿ ಕಿಟಕಿಯ ಚೌಕ ಹಾಗೇ ಕಾಣುತ್ತದೆ, ಅಂಚು ಚೂಪು. ಸಪೋಟಕ್ಕೆ ಮಿಂಚೇ ಇಲ್ಲ, ಇಟ್ಟರೆ ಅದು ಸಪೋಟ ಅಲ್ಲ. ಕಿತ್ತಳೆಗೆ ಒಂದು ದೊಡ್ಡ ಮಿಂಚು ಇರುವುದಿಲ್ಲ, ಸಿಪ್ಪೆಯ ಗುಳಿಗಳಿಂದ ಅದು ಚೂರು ಚೂರಾಗಿ ಒಡೆದಿರುತ್ತದೆ. ನಿಮ್ಮ ಬಾದಾಮಿಯದು ನಡುವಿನದು. ಹೊಳಪು ಇದೆ, ಆದರೆ ಅಂಚು ಮೆತ್ತಗೆ ಕರಗಿರುತ್ತದೆ.

ನೀವು ಇಟ್ಟಿರುವುದು ಟ್ಯೂಬಿನಿಂದ ನೇರ ಬಂದ ಬಿಳಿ ತಾನೇ? ಅದೇ ಸುಣ್ಣ. ಟೇಬಲ್ ಲ್ಯಾಂಪ್ ಹಳದಿ ಬೆಳಕಿನದಾದರೆ ಬಿಳಿಗೆ ಚಿಟಿಕೆ ಹಳದಿ ಬೆರೆಸಿ. ಹಗಲಲ್ಲಿ ಕಿಟಕಿ ಬೆಳಕಲ್ಲಿ ಬಿಡಿಸಿದರೆ ಚಿಟಿಕೆ ನೀಲಿ. ಮೊದಲು ಸುತ್ತ ತಿಳಿ ಹಳದಿಯ ಒಂದು ಮಂದ ಮಚ್ಚೆ, ಅದು ಒಣಗಿದ ಮೇಲೆ ನಡುವೆ ಅದರ ಕಾಲು ಭಾಗದಷ್ಟು ಪ್ರಖರ ಬಣ್ಣ. ಮೂರು ಹಣ್ಣಿಗೂ ಒಂದೇ ಅಳತೆಯ ಮಿಂಚು ಇಡಬೇಡಿ. ದೀಪಕ್ಕೆ ಹತ್ತಿರ ಇರುವ ಒಂದಕ್ಕೆ ಮಾತ್ರ ಪೂರ್ತಿ, ಉಳಿದವು ಅದರ ಹಿಂದೆ ನಿಲ್ಲಲಿ.

ಮಿಂಚು ಇಡುವ ಜಾಗದ ಬಗ್ಗೆ ಧೈರ್ಯ ಇಲ್ಲದಿದ್ದರೆ ಒಣಗಿದ ಚಿತ್ರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಹಚ್ಚಿ ನೋಡಿ. ಹಾಳೆ ಸರಿಸಿ ಸರಿಸಿ ಜಾಗ ಹುಡುಕಬಹುದು. ನೇರವಾಗಿ ಹಚ್ಚಿ ತಪ್ಪಾದರೂ ಒಂದು ನಿಮಿಷದ ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಬಳ್ಳಾರಿಯಲ್ಲಿ ಅರ್ಧ ನಿಮಿಷ ಅಂತ ಇಟ್ಟುಕೊಳ್ಳಿ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಿಮ್ಮ ಹಣ್ಣಿಗೆ ಕಲೆ ಇದೆಯಾ? ಬಾದಾಮಿ ಸಿಪ್ಪೆಯ ಮೇಲೆ ಹತ್ತಿರದಿಂದ ನೋಡಿದರೆ ಸೂಜಿಮೊನೆಯಂಥ ತಿಳಿ ಚುಕ್ಕೆಗಳು ಇರುತ್ತವೆ. ತೊಟ್ಟಿನ ಹತ್ತಿರ ಸೋನೆ ಹರಿದು ಒಣಗಿದ ಕಂದು ಗುರುತು ಇರುತ್ತದೆ. ಭುಜದ ಕಡೆ ಕೆಂಪು, ಅದೂ ಬಿಸಿಲು ಬಿದ್ದ ಬದಿಗೆ ಮಾತ್ರ. ಪ್ಲಾಸ್ಟಿಕ್ ಹಣ್ಣಿಗೆ ಇದು ಯಾವುದೂ ಇರುವುದಿಲ್ಲ. ನಾವು ಚೆನ್ನಾಗಿ ಕಾಣಲಿ ಅಂತ ಇದನ್ನೆಲ್ಲ ಒರೆಸಿಬಿಡುತ್ತೇವೆ. ಇಟಲಿಯ ಚಿತ್ರಕಾರ ಕರವಾಜ್ಜೊ 1599ರ ಸುಮಾರಿಗೆ ಒಂದು ಹಣ್ಣಿನ ಬುಟ್ಟಿ ಬಿಡಿಸಿದ್ದಾನೆ, ಮಿಲಾನ್‌ನಲ್ಲಿದೆ. ಎದುರಿಗೇ ಇರುವ ಸೇಬಿನಲ್ಲಿ ಹುಳು ಕೊರೆದ ತೂತು. ಎಲೆಗಳು ಬಾಡಿ ಸುರುಟಿವೆ. ನನಗೆ ಆ ಬುಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಆ ತೂತು.

ಹಾಗಂತ ಇಡೀ ಹಣ್ಣಿಗೆ ಸೀತಾಳೆ ಎದ್ದ ಹಾಗೆ ಚುಕ್ಕೆ ಹಾಕಬೇಡಿ. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ ಹತ್ತು ಹನ್ನೆರಡು ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಕಡಲಕರೆ_ಕುಂಚ

ಬೂದಿ ಬಳಿದ ಹಾಗೆ! ಇದನ್ನು ಬರೆದಿಟ್ಟುಕೊಂಡೆ. ನನ್ನ ನೇರಳೆಹಣ್ಣು ಯಾಕೆ ಬಟನ್ ಥರ ಕಾಣುತ್ತಿತ್ತು ಅಂತ ಈಗ ಗೊತ್ತಾಯಿತು.

ಬಳ್ಳಾರಿ ಅಣ್ಣ, ಹಣ್ಣು ಉಳಿಸಿಕೊಳ್ಳುವುದಕ್ಕೆ ಒಂದು ಮಾತು. ಫ್ರಿಜ್‌ನಲ್ಲಿ ಇಟ್ಟು ತೆಗೆದು ಬಿಡಿಸಬೇಡಿ, ಮೈಮೇಲೆ ನೀರು ಕೂತು ಹೊಳಪೇ ಬದಲಾಗುತ್ತದೆ. ಮೊದಲ ದಿನವೇ ನೀವು ಕೂತ ಜಾಗದಿಂದ, ನಿಮ್ಮ ಕಣ್ಣಿನ ಎತ್ತರದಿಂದ ಒಂದು ಫೋಟೋ ತೆಗೆದಿಡಿ. ಅದೇ ಫೋಟೋವನ್ನು ಕಪ್ಪು ಬಿಳುಪು ಮಾಡಿ, ನಿಮ್ಮ ಚಿತ್ರದ ಫೋಟೋವನ್ನೂ ಕಪ್ಪು ಬಿಳುಪು ಮಾಡಿ, ಪಕ್ಕಪಕ್ಕ ಇಟ್ಟು ನೋಡಿ. ನೆರಳು ಸಾಲದು ಅಂತ ಅಲ್ಲೇ ಗೊತ್ತಾಗುತ್ತದೆ. ಬಣ್ಣಕ್ಕೆ ಮಾತ್ರ ಫೋಟೋ ನಂಬಬೇಡಿ, ಫೋನು ಹಳದಿಯನ್ನು ತನಗೆ ಬೇಕಾದ ಹಾಗೆ ತಿರುಚುತ್ತದೆ.

ಡ್ರಾಯಿಂಗ್_ಮೇಷ್ಟ್ರು

ನಾನು ಒಂದು ವಿಷಯ ಮರೆತೆ. ನಿಮ್ಮ ಮನೆಯವರ ಹತ್ತಿರ ಆ ಗೊಂಬೆ ಹಬ್ಬದ ಮಣ್ಣಿನ ಹಣ್ಣುಗಳು ಇವೆಯೇ? ಇದ್ದರೆ ಪೆಟ್ಟಿಗೆಯಿಂದ ಕೆಳಗೆ ಇಳಿಸಿ. ತಮಾಷೆಯಲ್ಲ. ಕೊಳೆಯುವುದಿಲ್ಲ, ಯಾರೂ ತಿನ್ನುವುದಿಲ್ಲ, ಬರುವ ಮಾವಿನ ಕಾಲದವರೆಗೂ ಅಭ್ಯಾಸ ಮಾಡಬಹುದು. ಬಣ್ಣ ಹೋದ ಹಳೆಯದು ಒಂದಿದ್ದರೆ ಕೇಳಿ ಇಸಿದುಕೊಂಡು ಪೂರ್ತಿ ಬಿಳಿ ಬಳಿಯಿರಿ. ಬಿಳಿ ಹಣ್ಣನ್ನು ಬರೀ ಅಂಬರ್ (ಗಾಢ ಕಂದು) ಮತ್ತು ಬಿಳಿಯಲ್ಲಿ ಬಿಡಿಸಿ ನೋಡಿ. ಬಣ್ಣದ ಗಲಾಟೆ ಇಲ್ಲದೆ ಬರೀ ಬೆಳಕು ನೆರಳು ಕಲಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಬಳ್ಳಾರಿ_ಬ್ರಷ್

ಮೇಷ್ಟ್ರೇ, ಕೇಳಿದೆ. ಹದಿಮೂರು ಹಣ್ಣಿನ ಸೆಟ್ಟು, ಅವಳ ಅಜ್ಜಿಯ ಕಾಲದ್ದು. ನೋಡಬಹುದಂತೆ, ಬಿಡಿಸಬಹುದಂತೆ. ಬಿಳಿ ಬಳಿಯುತ್ತೇನೆ ಅಂದಿದ್ದಕ್ಕೆ ಅವತ್ತು ರಾತ್ರಿ ಊಟ ಸ್ವಲ್ಪ ತಣ್ಣಗಿತ್ತು. ಅಂಬರ್ ಟ್ಯೂಬು ತಂದು ಒಂದು ಆಲೂಗಡ್ಡೆಗೆ ಬಿಳಿ ಬಳಿದುಕೊಂಡು ಅಭ್ಯಾಸ ಶುರು ಮಾಡಿದ್ದೇನೆ.

ಮಾವಿನ ಚಿತ್ರ ನಿನ್ನೆ ಮುಗಿಯಿತು. ಮೂರು ಹಣ್ಣು ಬಿಟ್ಟು ಒಂದೇ ಬಾದಾಮಿ ಇಟ್ಟುಕೊಂಡೆ. ಮಿಂಚಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿದರೆ ನಾನು ಇಷ್ಟು ದಿನ ಇಡುತ್ತಿದ್ದ ಜಾಗಕ್ಕಿಂತ ಅರ್ಧ ಇಂಚು ಮೇಲೆ ಇರಬೇಕಿತ್ತು. ನಾಲ್ಕು ದಿನದ ಹಣ್ಣು, ತೊಟ್ಟಿನ ಹತ್ತಿರ ಕಪ್ಪು ಮಚ್ಚೆ ಬಂದು ಸಿಪ್ಪೆ ಸುಕ್ಕಾಗಿತ್ತು. ಆ ಸುಕ್ಕನ್ನೂ ಬಿಡಿಸಿದೆ, ಸಣ್ಣ ಬ್ರಷ್‌ನಲ್ಲಿ, ಬರ್ನ್ಟ್ ಸಿಯೆನ್ನಾಗೆ ಚೂರು ನೇರಳೆ ಹಾಕಿ.

ಹೆಂಡತಿ ನೋಡಿದಳು. ಈ ಸಲ ಏನೂ ಹೋಲಿಕೆ ಕೊಡಲಿಲ್ಲ. ರಟ್ಟಿನ ಡಬ್ಬದೊಳಗೆ ಕೈಹಾಕಿ ಹಣ್ಣು ತೆಗೆದು ಮೂಸಿ, "ಇನ್ನೂ ಇಟ್ಟುಕೊಂಡು ಕೂತಿದ್ದೀರಲ್ಲ, ಇದು ಆಗಲೇ ಹುಳಿ ವಾಸನೆ ಬರ್ತಿದೆ" ಅಂತ ತೆಗೆದುಕೊಂಡು ಹೋದಳು.

ನೀಲಿ_ದ್ರಾಕ್ಷಿ

ಫೋಟೋ ಹಾಕಿ ಸರ್, ಹಣ್ಣಿನದಲ್ಲ, ಚಿತ್ರದ್ದು.